ಬೊಮ್ಮಿಯ ಮೊದಲ ಜಿಂಕೆ

"ಗುರುಗಳೇ, ಮಕ್ಕಳ ಬಗ್ಗೆ ಹೆಮ್ಮೆ ಪಡುವುದು ತಪ್ಪೇ?" ಎಂದು ಗುರುಪಾದಪ್ಪ ಕೇಳಿದ.

ಅವನು ನೇಕಾರ. ಬಹಳ ವರ್ಷಗಳಿಂದ ಮಠಕ್ಕೆ ನಡೆದುಕೊಂಡು ಬಂದವನು. ಹಿಂದಿನ ವಾರ ಅವನ ಮಗ ಮೊದಲ ಸಲ ಒಬ್ಬನೇ ಮಗ್ಗಕ್ಕೆ ಕೂತು ಒಂದು ಸೀರೆ ನೇಯ್ದು ಇಳಿಸಿದ್ದ. ಅಂದಿನಿಂದ ಗುರುಪಾದಪ್ಪ ದಾರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದ.

ಗುರುಗಳು ಅವನ ಮುಖ ನೋಡಿದರು. "ತಪ್ಪು ಅಂದರೆ ಬಿಡುತ್ತೀಯಾ? ಬಿಡುವವನಲ್ಲ ನೀನು. ಸುಮ್ಮನೆ ಕೂತು ಕೇಳು. ಇದು ಬೇಟೆಯ ಕತೆ. ಮಠದಲ್ಲಿ ಬೇಟೆಯ ಕತೆಯೇ ಎಂದು ಮೂಗು ಮುರಿಯಬೇಡ. ಜಿಂಕೆಗಾಗಿ ನನಗೂ ಸಂಕಟವಿದೆ. ಆದರೆ ಆ ಜನ ಅದನ್ನು ತಿಂದೇ ಬದುಕಿದವರು" ಎಂದು ಹೇಳಿ ಕತೆ ಶುರುಮಾಡಿದರು.

ಕುರುಚಲು ಕಾಡಿನ ಅಂಚಿನಲ್ಲಿ ಒಂದು ಹಟ್ಟಿ. ಅಲ್ಲಿ ಒಬ್ಬ ಬೇಟೆಗಾರ. ಅವನು ಗುರಿ ತಪ್ಪಿದ್ದನ್ನು ಆ ಹಟ್ಟಿಯಲ್ಲಿ ಕಂಡವರಿಲ್ಲ. ಅವನಿಗೆ ಒಬ್ಬಳೇ ಮಗಳು, ಬೊಮ್ಮಿ. ಹದಿನೈದು ವರ್ಷದವಳು. ತಾಯಿ ತೀರಿಹೋಗಿದ್ದಳು. ಆ ಹಟ್ಟಿಯಲ್ಲಿ ಬಿಲ್ಲು ಬಗ್ಗಿಸಲು ಬಂದವರೆಲ್ಲ ಬೇಟೆಗೆ ಹೋಗಬಹುದಿತ್ತು. ಹೆಣ್ಣೋ ಗಂಡೋ ಎಂದು ಯಾರೂ ಕೇಳುತ್ತಿರಲಿಲ್ಲ.

ಮೊದಲ ಬೇಟೆಗೆ ಅವರಲ್ಲಿ ಒಂದು ಕಟ್ಟಳೆ ಇತ್ತು. ಮಗು ಮುಂದೆ ನಡೆಯಬೇಕು, ಹೆತ್ತವರು ಹಿಂದೆ. ಕರಡಿಯೋ ಚಿರತೆಯೋ ಬಂದರೆ ಇರಲಿ ಎಂದು ಹೆತ್ತವರ ಕೈಯಲ್ಲೂ ಬಿಲ್ಲು ಇರುತ್ತಿತ್ತು. ಆದರೆ ಮಗು ಹೊಡೆಯಲು ಹೋದ ಜಿಂಕೆಯ ಮೇಲೆ ಅವರು ಬಾಣ ಬಿಡಕೂಡದು. ಜಿಂಕೆ ಬಿದ್ದರೆ ಮಾಂಸ ಮನೆಮನೆಗೂ ಹೋಗಬೇಕು. ತೆಗೆದುಕೊಳ್ಳುವವರು ಪ್ರತಿಯೊಬ್ಬರೂ ಹೊಡೆದವರ ಹೆಸರು ಹೇಳಿ, ಇದು ಇಂಥವರ ಜಿಂಕೆ ಎಂದು ಹೇಳಿ, ಪಾಲು ತೆಗೆದುಕೊಳ್ಳಬೇಕು. ಹೊಡೆದವರಿಗೆ ಮಾತ್ರ ಅದರಲ್ಲಿ ಒಂದು ತುಣುಕೂ ಇಲ್ಲ. ಆದರೆ ಅಂದಿನಿಂದ ಅವರು ಹಟ್ಟಿಯ ಬೇಟೆಗಾರರು. ಇದಕ್ಕೆ ವರ್ಷಕ್ಕೆ ಒಂದೇ ದಿನ. ಅಂದು ಬರಿಗೈಯಲ್ಲಿ ಬಂದವರು ಮುಂದಿನ ವರ್ಷದವರೆಗೆ ಕಾಯಬೇಕಿತ್ತು.

ಬೇಟೆಗಾರ ಮಗಳಿಗೆ ಏಳನೇ ವಯಸ್ಸಿನಿಂದಲೇ ಕಲಿಸಿದ್ದ. ಬೇಲಿಯ ಮೇಲೆ ಸೋರೆಬುರುಡೆ ಇಟ್ಟು ಹೊಡೆಸಿದ. ನಿಂತು ಹೊಡೆಸಿದ, ಓಡುತ್ತಾ ಹೊಡೆಸಿದ, ಮೊಣಕಾಲೂರಿ ಹೊಡೆಸಿದ. ಅವಳು ಚೆನ್ನಾಗಿಯೇ ಕಲಿತಳು. ಆದರೂ ಆ ಮನುಷ್ಯನ ತಲೆಯಲ್ಲಿ ಒಂದೇ ಹುಳ. ಹೊಡೆಯುತ್ತಾಳೋ ಇಲ್ಲವೋ. ಉಣ್ಣುವಾಗಲೂ ಅದೇ, ಮಲಗಿದರೂ ಅದೇ. ಹಟ್ಟಿಯವರ ಮುಂದೆ ಮಾತ್ರ, "ನನ್ನ ಮಗಳು ಹೋದ ದಿನವೇ ತರುತ್ತಾಳೆ, ಬುಟ್ಟಿ ತೊಳೆದಿಟ್ಟುಕೊಳ್ಳಿ" ಎನ್ನುತ್ತಿದ್ದ. ನಿನ್ನ ಹಾಗೆಯೇ ಗುರುಪಾದಪ್ಪ. ಬಾಯಿಗೆ ಬಿಡುವಿರಲಿಲ್ಲ.

ಆ ದಿನ ಬಂತು. ಬೆಳಕು ಹರಿಯುವಾಗ ಇಬ್ಬರೂ ಹೊರಟರು. ಬೊಮ್ಮಿ ಮುಂದೆ, ಅಪ್ಪ ಹಿಂದೆ. ಅವಳು ಚಿಟಿಕೆ ಧೂಳು ತೂರಿ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿದಳು. ಗೊರಸಿನ ಗುರುತು ಕಂಡಲ್ಲಿ ಬಾಗಿ ಮುಟ್ಟಿದಳು. ಒಂದು ಕಡೆ ದಾರಿ ಎರಡಾಯಿತು. ಅಪ್ಪ ಮನಸ್ಸಿನಲ್ಲೇ ಎಡಕ್ಕೆ ಎಂದುಕೊಂಡ. ಅವಳು ಸ್ವಲ್ಪ ಹೊತ್ತು ನಿಂತು ಎಡಕ್ಕೇ ತಿರುಗಿದಳು. ಎಲ್ಲ ಅವನೇ ಕಲಿಸಿದ್ದು. ಆದರೂ ಅವಳು ಮಾಡುವುದನ್ನು ನೋಡುವಾಗ ಅವನಿಗೆ ಕಣ್ಣು ತುಂಬಿ ಬಂತು. ಇವಳು ನನ್ನ ಮಗಳು ಎಂದು ಹೆಜ್ಜೆಹೆಜ್ಜೆಗೂ ಅಂದುಕೊಂಡ.

ಬಿಸಿಲೇರುವ ಹೊತ್ತಿಗೆ ತಗ್ಗಿನಲ್ಲಿ ಐದು ಜಿಂಕೆ ಕಂಡವು. ನಾಲ್ಕು ಹೆಣ್ಣು, ಒಂದು ಗಂಡು. ಬೊಮ್ಮಿ ಮೊಣಕೈ ಊರಿ ತೆವಳಿದಳು. ಪೊದೆಯ ಮರೆಗೆ ಹೋಗಿ, ಹೆಣ್ಣುಗಳನ್ನು ಬಿಟ್ಟು ಗಂಡಿಗೆ ಗುರಿಯಿಟ್ಟಳು. ಬಾಣ ಬಿಡುವ ಹೊತ್ತಿಗೆ ಸರಿಯಾಗಿ ಜಿಂಕೆ ಒಂದು ಹೆಜ್ಜೆ ಮುಂದಿಟ್ಟಿತು. ಹೆಗಲಿಗೆ ತಾಗಬೇಕಿದ್ದ ಬಾಣ ಪಕ್ಕೆಯ ಕೊನೆಗೆ ತಾಗಿತು. ಜಿಂಕೆ ನೆಗೆದು ಪೊದೆಯೊಳಗೆ ಮರೆಯಾಯಿತು.

ಈಗ ಕೇಳು. ಗಾಯವಾದ ಪ್ರಾಣಿಯ ಬೆನ್ನಿಗೆ ಬಿದ್ದು ಓಡಬಾರದು. ಓಡಿದರೆ ಅದು ಹೆದರಿ ಹರದಾರಿ ದೂರ ಓಡುತ್ತದೆ, ಎಲ್ಲೋ ಬಿದ್ದು ಯಾರಿಗೂ ಸಿಗದೆ ನರಳಿ ಸಾಯುತ್ತದೆ. ಕೂತು ಕಾದರೆ ಅದು ಹತ್ತಿರದಲ್ಲೇ ಮಲಗುತ್ತದೆ. ಆಮೇಲೆ ರಕ್ತದ ಗುರುತು ಹಿಡಿದು ಹೋಗಬೇಕು. ಇದನ್ನು ಬೊಮ್ಮಿಗೆ ಕಲಿಸಿದ್ದು ಅಪ್ಪನೇ. ಬೊಮ್ಮಿ ಬಿಲ್ಲು ಕೆಳಗಿಟ್ಟು, ಇದ್ದಲ್ಲಿಯೇ ಕೂತಳು. ಎದ್ದು ಓಡಬೇಕು ಎನ್ನಿಸುತ್ತಿತ್ತು. ಆದರೂ ಕೂತಳು.

ಕಲಿಸಿದವನಿಗೆ ಕೂರಲು ಆಗಲಿಲ್ಲ.

ಅವನು ಹಿಂದೆ ಸ್ವಲ್ಪ ಎತ್ತರದಲ್ಲಿ ನಿಂತಿದ್ದ. ಪೊದೆಯ ಆಚೆ ಕುಂಟುತ್ತಾ ಹೋಗುವ ಜಿಂಕೆ ಅವನಿಗೆ ಕಾಣುತ್ತಿತ್ತು. ಹೋಯಿತು, ಕೈತಪ್ಪಿ ಹೋಯಿತು ಎಂದುಕೊಂಡ. ತೊಳೆದಿಟ್ಟ ಬುಟ್ಟಿಗಳು ನೆನಪಾದವು. ಮಗಳು ಇನ್ನೊಂದು ವರ್ಷ ಮಕ್ಕಳ ಸಾಲಿನಲ್ಲಿ ಕೂರಬೇಕಲ್ಲ ಎನ್ನಿಸಿತು. ಅಷ್ಟೇ. ಅವನ ಬಾಣ ಹೋಗಿ ಜಿಂಕೆಯ ಎದೆಗೆ ನಾಟಿತು. ಅವನು ಬಳಸಿಕೊಂಡು ಓಡಿ, ಬಾಣ ಕಿತ್ತು, ಹುಲ್ಲಿನಲ್ಲಿ ಒರೆಸಿ, ಬತ್ತಳಿಕೆಗೆ ಹಾಕಿಕೊಂಡ. ಬೊಮ್ಮಿ ಏಳುವ ಹೊತ್ತಿಗೆ ತನ್ನ ಜಾಗದಲ್ಲಿ ನಿಂತಿದ್ದ.

ಬೊಮ್ಮಿ ರಕ್ತದ ಗುರುತು ಹಿಡಿದು ಹೋದಳು. ಜಿಂಕೆ ಸತ್ತು ಬಿದ್ದಿತ್ತು. ಅಪ್ಪ ಬಂದು ಅವಳನ್ನು ಅಪ್ಪಿಕೊಂಡ. ಅವಳು ನಕ್ಕಳು. ಜಿಂಕೆಯ ಪಕ್ಕ ಕೂತು ಅದರ ಮೈ ಸವರಿದಳು. ಸವರುವ ಕೈ ಎದೆಯ ಹತ್ತಿರ ನಿಂತಿತು.

"ಅಪ್ಪಾ, ಇದು ಯಾವ ಗಾಯ?"

"ಬಿದ್ದಾಗ ಮುಳ್ಳಿನ ಕೊಂಬೆ ಚುಚ್ಚಿರಬೇಕು ಮಗಾ."

ಬೊಮ್ಮಿ ಗಾಯದೊಳಗೆ ಬೆರಳಿಟ್ಟಳು. ಬೆರಳು ಪೂರ್ತಿ ಒಳಗೆ ಹೋಯಿತು. ಅಪ್ಪನ ಮುಖ ನೋಡಿದಳು. ಅಪ್ಪ ಕಾಲು ಕಟ್ಟಲು ಬಳ್ಳಿ ಹುಡುಕುತ್ತಿದ್ದ. ಅವಳು ಮತ್ತೆ ಕೇಳಲಿಲ್ಲ. ಇಬ್ಬರೂ ಜಿಂಕೆಯನ್ನು ಉದ್ದನೆಯ ಗಳಕ್ಕೆ ಕಟ್ಟಿ ಹೊತ್ತು ನಡೆದರು. ದಾರಿಯುದ್ದಕ್ಕೂ ಅಪ್ಪ ಮಾತಾಡಿದ. ಯಾರ ಮನೆಗೆ ಯಾವ ಪಾಲು, ಯಾರು ಏನು ಹೇಳುತ್ತಾರೆ, ಯಾರ ಹೊಟ್ಟೆ ಎಷ್ಟು ಉರಿಯುತ್ತದೆ, ಎಲ್ಲ ಹೇಳಿದ. ಮಗಳು ಒಂದು ಮಾತೂ ಆಡಲಿಲ್ಲ. ದಣಿದಿದ್ದಾಳೆ ಎಂದುಕೊಂಡ.

ಹಟ್ಟಿಯವರೆಲ್ಲ ಬುಟ್ಟಿ ಹಿಡಿದು ಸೇರಿದ್ದರು. ಜಿಂಕೆಯನ್ನು ನಡುವೆ ಇಳಿಸಿದರು. ಹಟ್ಟಿಯ ಯಜಮಾನ ಮುಂದೆ ಬಂದು, ಪದ್ಧತಿಯಂತೆ ಕೇಳಿದ.

"ಇದು ಯಾರ ಜಿಂಕೆ?"

ಅವಳು ನನ್ನದು ಎಂದರೆ ಸಾಕಿತ್ತು. ಆ ಒಂದು ಮಾತಿಗೆ ಅವಳು ಎಂಟು ವರ್ಷ ಬಿಲ್ಲಿನ ಹೆದೆ ಎಳೆದು ಬೆರಳು ಕೊಯ್ದುಕೊಂಡಿದ್ದಳು.

"ನನ್ನದಲ್ಲ" ಎಂದಳು ಬೊಮ್ಮಿ.

ಯಜಮಾನ ನಕ್ಕ. "ನಾಚಿಕೊಳ್ಳಬೇಡ ಮಗಾ, ಗಟ್ಟಿಯಾಗಿ ಹೇಳು."

"ನಾಚಿಕೆಯಲ್ಲ ಯಜಮಾನರೇ. ನನ್ನ ಬಾಣ ಪಕ್ಕೆಗೆ ತಾಗಿದೆ. ಕೊಂದ ಬಾಣ ಬೇರೆ. ಎದೆಯ ಗಾಯ ನೋಡಿ."

"ಅದು ಯಾರ ಬಾಣ?"

"ಅದನ್ನು ನಾನು ಹೇಳುವುದಿಲ್ಲ. ನನ್ನದಲ್ಲ ಎಂದಷ್ಟೇ ಹೇಳುತ್ತೇನೆ. ಮುಂದಿನ ವರ್ಷ ಮತ್ತೆ ಹೋಗುತ್ತೇನೆ."

ಯಜಮಾನ ಬಾಗಿ ಎದೆಯ ಗಾಯ ನೋಡಿದ. ಬೇಟೆಗಾರ ಸುಮ್ಮನಿರಬಹುದಿತ್ತು. ಆಚೆ ಹಟ್ಟಿಯವರು ಯಾರೋ ಹೊಡೆದಿರಬೇಕು ಎಂದಿದ್ದರೆ ಜನ ನಂಬುತ್ತಿದ್ದರು. ಮಗಳು ಅವನಿಗೆ ಅಷ್ಟು ಜಾಗ ಬಿಟ್ಟಿದ್ದಳು. ಅವನ ಮುಖ ನಾಚಿಕೆಯಿಂದ ಸುಡುತ್ತಿತ್ತು. ಅವನು ಮಗಳನ್ನು ನೋಡಿದ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ತಲೆ ತಗ್ಗಿಸಿರಲಿಲ್ಲ. ನೋಡುತ್ತಾ ಇದ್ದ ಹಾಗೆ ಅವನ ಎದೆ ತುಂಬಿ ಬಂತು.

"ನನ್ನ ಬಾಣ" ಎಂದು ಅವನು ಮುಂದೆ ಬಂದ.

ಕಟ್ಟಳೆ ಮುರಿದವನ ಬಿಲ್ಲು ಒಂದು ವರ್ಷ ಯಜಮಾನನ ಮನೆಯಲ್ಲಿರಬೇಕು. ಅವನು ಬಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. ಮಾಂಸವನ್ನು ಯಾರ ಹೆಸರೂ ಹೇಳದೆ ಹಂಚಿದರು. ಜನ ಬುಟ್ಟಿ ಮುಚ್ಚಿಕೊಂಡು ಮನೆಗೆ ಹೋದರು.

ಅವನು ಕುಗ್ಗಿ ಕೂತ ಎಂದುಕೊಂಡೆಯಾ ಗುರುಪಾದಪ್ಪ? ಇಲ್ಲ. ಮನೆಯ ದಾರಿಯಲ್ಲಿ ಪಕ್ಕದ ಮನೆಯ ಮುದುಕಿ ಅವನನ್ನು ತಡೆದಳು. ಮಾತಿನಲ್ಲಿ ಯಾರನ್ನೂ ಬಿಡುವವಳಲ್ಲ ಅವಳು. "ಬಿಲ್ಲು ಹೋಯಿತು, ಜಿಂಕೆ ಹೋಯಿತು, ಇದ್ದ ಮರ್ಯಾದೆಯೂ ಹೋಯಿತು. ಇನ್ನೂ ಯಾವ ಭಾಗ್ಯಕ್ಕೆ ಹೀಗೆ ಎದೆ ಎತ್ತಿ ನಡೆಯುತ್ತಿದ್ದೀಯೋ?" ಎಂದು ಕೇಳಿದಳು.

"ಅವಳು ಹೇಳಿದ್ದನ್ನು ನೀನು ಕೇಳಲಿಲ್ಲವೇ ದೊಡ್ಡಮ್ಮಾ? ಅಷ್ಟು ಜನರ ಮುಂದೆ ಹೇಳಿದಳು. ನನ್ನ ಹೆಸರನ್ನೂ ಎತ್ತಲಿಲ್ಲ" ಎಂದ ಬೇಟೆಗಾರ. ಆಮೇಲೆ, "ಅದನ್ನು ನಾನು ಅವಳಿಗೆ ಕಲಿಸಿರಲಿಲ್ಲ" ಎಂದ. ಮುದುಕಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಮನೆಯಲ್ಲಿ ಬೊಮ್ಮಿ ಒಲೆಯ ಮುಂದೆ ಕೂತಿದ್ದಳು. ಅಪ್ಪನ ಕಡೆ ತಿರುಗದೆಯೇ ಮಾತಾಡಿದಳು. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ.

"ಕಾದಿದ್ದರೆ ಅದು ನನ್ನ ಬಾಣಕ್ಕೇ ಮಲಗುತ್ತಿತ್ತೇನೋ ಅಪ್ಪಾ. ಈಗ ಅದು ಯಾರಿಗೂ ಗೊತ್ತಾಗುವುದಿಲ್ಲ."

"ಹೌದು ಮಗಾ. ಅದನ್ನು ನಾನು ಕಿತ್ತುಕೊಂಡೆ."

ಅವಳು ಸ್ವಲ್ಪ ಹೊತ್ತು ಅತ್ತಳು. ಅವನು ಪಕ್ಕದಲ್ಲೇ ಕೂತಿದ್ದ. ಆಮೇಲೆ ಅವಳು ಎದ್ದು ಮುದ್ದೆ ಮಾಡಿ ಇಬ್ಬರಿಗೂ ಬಡಿಸಿದಳು. ಆ ಸಂಜೆ ಮನೆಯಲ್ಲಿ ಮಾಂಸವಿರಲಿಲ್ಲ, ಬರೀ ಸೊಪ್ಪಿನ ಸಾರು. ಅಂಥ ಊಟ ತಾನು ಜನ್ಮದಲ್ಲಿ ಉಂಡಿರಲಿಲ್ಲ ಎಂದು ಅವನು ಮುಪ್ಪಿನಲ್ಲೂ ಹೇಳುತ್ತಿದ್ದನಂತೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಗುರುಪಾದಪ್ಪ ಇನ್ನೂ ಇದೆ ಎಂದು ಕಾದ. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ.

"ಮುಂದಿನ ವರ್ಷ ಹುಡುಗಿ ಜಿಂಕೆ ಹೊಡೆದಳೇ ಗುರುಗಳೇ?"

"ಹೊಡೆಯುತ್ತಾಳೋ ಇಲ್ಲವೋ ಎಂಬ ಆ ಪ್ರಶ್ನೆಯನ್ನು ಅವಳ ಅಪ್ಪ ಬಿಟ್ಟ ದಿನದ ಕತೆಯನ್ನೇ ಕಣಯ್ಯಾ, ನಾನು ಇಷ್ಟು ಹೊತ್ತು ನಿನಗೆ ಹೇಳಿದ್ದು."