ಎಡಕ್ಕೆ ಬಾಗಿದ ಕೋವಿ

ಕೋವಿ ಹಿಡಿದವರಿಗೆ ಒಂದು ಕಟ್ಟಳೆ ಇತ್ತು. ಗಾಯಗೊಂಡ ಮೃಗ ಕಾಡಿನಲ್ಲಿ ನರಳುತ್ತಿರುವಾಗ ಗಾಯ ಮಾಡಿದವನು ಊಟದೆಲೆಯ ಮುಂದೆ ಕೂರಬಾರದು. ಹುಡುಕಬೇಕು, ಅದರ ನೋವು ಮುಗಿಸಬೇಕು. ಅನ್ನ ಆಮೇಲೆ.

ಆ ಮಧ್ಯಾಹ್ನ ಹೊಳೆದಂಡೆಯ ಕುಲುಮೆಯ ಅಂಗಳದಲ್ಲಿ ಎಲ್ಲರೂ ಎಲೆಯ ಮುಂದೆ ಕೂತಿದ್ದರು.

ಕೋವಿ ಮಾಡಿಸಿಕೊಂಡ ಚೆನ್ನರಾಜೇ ಅರಸು ಕೂತಿದ್ದರು. ಪೊದೆ ಬಡಿದು ಹಂದಿಯನ್ನು ಎಬ್ಬಿಸಿಕೊಟ್ಟ ಸೋವಿನವರು ಕೂತಿದ್ದರು. ಕೋವಿ ಮಾಡಿದ ಸೂರಪ್ಪ ಕೂತಿದ್ದ. ಅವನ ಗುರು ಕಾಳಾಚಾರ್ಯರೂ ಕೂತಿದ್ದರು.

ಹಂದಿ ಮಾತ್ರ ಹೊಟ್ಟೆಯಲ್ಲಿ ಗುಂಡು ಹೊತ್ತುಕೊಂಡು ಹೊಳೆಯಾಚೆಯ ಲಂಟಾನದ ಪೊದೆಯೊಳಗಿತ್ತು.

ಸೂರಪ್ಪನ ಕೈ ಅನ್ನಕ್ಕೆ ಹೋಗಲಿಲ್ಲ. ಎಲ್ಲಿ ತಪ್ಪಿತು? ಎಷ್ಟು ಹುಡುಕಿದರೂ ಅವನಿಗೆ ತಪ್ಪು ಸಿಗುತ್ತಿರಲಿಲ್ಲ.

ಅರಸು ಬಯಸಿದ್ದು ಅಜ್ಜನ ಕಾಲದ ಕೋವಿಯನ್ನು. ಅಜ್ಜನ ಕೋವಿ ಬಂಗಲೆಯ ಹಜಾರದಲ್ಲಿ ತೂಗುತ್ತಿತ್ತು. ನಳಿಗೆ ಸವೆದು ಹೋಗಿ ಅದಕ್ಕೆ ತೋಟಾ ತುಂಬುವಂತಿರಲಿಲ್ಲ. ಅದು ಗುರಿ ತಪ್ಪಿದ್ದನ್ನು ಕಂಡವರೇ ಇಲ್ಲ ಎಂದು ಸುತ್ತಲಿನ ಊರುಗಳಲ್ಲಿ ಇನ್ನೂ ಹೇಳುತ್ತಿದ್ದರು.

"ಅದೇ ಮತ್ತೆ ಹುಟ್ಟಿ ಬರಬೇಕು ಆಚಾರ್ರೇ. ಗೋಡೆಗೆ ನೇತುಹಾಕುವ ಬೊಂಬೆ ಬೇಡ. ಬೇಟೆಗೆ ಒಯ್ಯುವಂತಿರಬೇಕು," ಅಂದಿದ್ದರು ಅರಸು.

ಕಾಳಾಚಾರ್ಯರು ಕೆಲಸವನ್ನು ಶಿಷ್ಯನ ಕೈಗಿಟ್ಟರು.

"ಬೇಟೆಯಲ್ಲಿ ಇದು ಸೈ ಅನ್ನಿಸಿಕೊಂಡು ಬರಲಿ. ಆಮೇಲೆ ನಳಿಗೆಯ ಮೇಲೆ ನಮ್ಮ ಕುಲುಮೆಯ ಮುದ್ರೆ ಒತ್ತುತ್ತೇನೆ. ಅಂದಿನಿಂದ ನೀನು ಶಿಷ್ಯನಲ್ಲ."

ಆ ಮುದ್ರೆಯ ಮೇಲೆ ಒಂದು ಸುತ್ತಿಗೆ ಏಟು ಬೀಳುವುದನ್ನು ಕೇಳಲು ಸೂರಪ್ಪ ವರ್ಷಗಳಿಂದ ಕಾದಿದ್ದ.

ಅವನು ಹಳೆಯ ಕೋವಿ ಅಂಗಡಿಗಳ ಚಿತ್ರದ ಪುಸ್ತಕಗಳನ್ನು ತರಿಸಿ ಓದಿದ. ಬೇಟೆಗಾರರ ಮನೆಗಳಿಗೆ ಹೋಗಿ, ಕಾಡಿ ಬೇಡಿ, ಆ ಕಾಲದ ಕೋವಿಗಳನ್ನು ಬಿಚ್ಚಿ ನೋಡಿದ. ಮರಕ್ಕೆ ಯಾವ ಎಣ್ಣೆ ತಿಕ್ಕುತ್ತಿದ್ದರು, ಕಬ್ಬಿಣಕ್ಕೆ ಆ ಕಂದು ಬಣ್ಣ ಹೇಗೆ ಬರುತ್ತಿತ್ತು, ಎಲ್ಲವನ್ನೂ ಕೇಳಿ ತಿಳಿದ. ಹಜಾರದ ನೆಲದ ಮೇಲೆ ಕೂತು ಅಜ್ಜನ ಕೋವಿಯ ಮೈಯನ್ನೆಲ್ಲ ಅಳೆದ.

ಒಂದು ಕಡೆ ಅವನ ಕೈ ನಿಂತಿತು. ಮರದ ಹಿಡಿ ನೆಟ್ಟಗಿರಲಿಲ್ಲ. ಹೆಗಲಿಗೆ ಆನಿಸುವ ತುದಿ ಒಂದಿಷ್ಟು ಎಡಕ್ಕೆ ಬಾಗಿತ್ತು. ಬೇರೆ ಯಾವ ಕೋವಿಯಲ್ಲೂ ಅವನು ಅದನ್ನು ಕಂಡಿರಲಿಲ್ಲ.

ಕುಲುಮೆಗೆ ಬಂದು ಕೇಳಿದ. "ಗುರುಗಳೇ, ಅದು ಯಾಕೆ ಬಾಗಿದೆ?"

ಕಾಳಾಚಾರ್ಯರು ಅರ ತಿಕ್ಕುತ್ತಿದ್ದರು. ತಲೆ ಎತ್ತಲಿಲ್ಲ.

"ಯಾಕೆ ಅಂತ ಕೇಳಬೇಡ. ಯಾರಿಗೆ ಅಂತ ಕೇಳು."

ಸೂರಪ್ಪ ಆ ಮಾತನ್ನು ಮನಸ್ಸಿನಲ್ಲಿ ಮಗುಚಿ ಮಗುಚಿ ನೋಡಿದ. ಕೋವಿ ಯಾರಿಗೆ ಬಾಗುತ್ತದೆ? ತಾನು ಕೊಲ್ಲುವ ಮೃಗಕ್ಕೋ? ಕಾಡಿಗೋ? ಹಾಗೆ ಯೋಚಿಸಿದಾಗ ಅವನ ಮೈ ಜುಮ್ಮೆಂದಿತು. ಗುರಿ ತಪ್ಪದ ಗುಟ್ಟು ಆ ಬಾಗಿನಲ್ಲೇ ಇದೆ ಎಂದು ನಂಬಿದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಅದನ್ನೂ ಕೆತ್ತಿದ.

ಅಜ್ಜನ ಕೋವಿ ಮಾಡಿದ ಕೆಲಸಗಾರ ಎಂದೋ ಸತ್ತಿದ್ದ. ನಳಿಗೆಯ ಮೇಲಿದ್ದ ಅವನ ಹೆಸರನ್ನೂ ಸೂರಪ್ಪ ಇದ್ದಂತೆಯೇ ಕೊರೆದ. ಪಕ್ಕದಲ್ಲಿ ಗುರುವಿನ ಮುದ್ರೆಗೆ ಜಾಗ ಬಿಟ್ಟ.

ಈ ಬೆಳಿಗ್ಗೆ ಹಂದಿ ಎಡದಿಂದ ಬಲಕ್ಕೆ ಓಡಿತು. ಅರಸು ಕೋವಿಯನ್ನು ಬಲ ಹೆಗಲಿಗೇರಿಸಿ ಹೊಡೆದರು. ಎದೆಗೆ ಬೀಳಬೇಕಾದ ಗುಂಡು ಎಡಕ್ಕೆ ಸರಿದು ಹಿಂದೆ, ಹೊಟ್ಟೆಗೆ ಬಿತ್ತು.

"ಆಚಾರ್ರೇ," ಅರಸು ಈಗ ಸಾರು ಬಡಿಸಿಕೊಳ್ಳುತ್ತಾ ಅಂದರು, "ನಿಮ್ಮ ಶಿಷ್ಯ ಮಾಡಿದ್ದು ಕೋವಿಯೋ, ಕುಡುಗೋಲೋ?"

ಸೋವಿನವರು ನಕ್ಕರು.

ಸೂರಪ್ಪ ಎಲೆ ನೋಡಿಕೊಂಡು ಗೊಣಗಿದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಏನಂದೆ?"

"ಏನಿಲ್ಲ ಬುದ್ಧಿ. ಕಟ್ಟೆಯ ಮೇಲೆ ಬಿಗಿದಿಟ್ಟು ಹೊಡೆದಾಗ ನೇರವಾಗೇ ಹೋಗಿತ್ತು ಅಂದೆ."

"ಹಾಗಾದರೆ ಮುಂದಿನ ಸಲ ಕಟ್ಟೆಯನ್ನೇ ಬೇಟೆಗೆ ಕರಕೊಂಡು ಹೋಗೋಣ."

ಮತ್ತೆ ನಗು. ಕಾಳಾಚಾರ್ಯರು ನಗಲಿಲ್ಲ.

"ಗಾಯ ಮಾಡಿದವರು ಯಾರು?" ಎಂದು ಕೇಳಿದರು.

"ಇನ್ಯಾರು? ಕೋವಿ," ಅಂದರು ಅರಸು.

"ಕೋವಿ ಮಾಡಿದವನು?"

ಸೂರಪ್ಪ ತಲೆ ಎತ್ತಿದ. "ನಾನು ಇದ್ದದ್ದನ್ನು ಇದ್ದ ಹಾಗೆ ಮಾಡಿದೆ ಗುರುಗಳೇ. ತಪ್ಪಿದ್ದರೆ ಆ ಹಳಬನದು."

"ಹಳಬ ಎಲ್ಲಿದ್ದಾನೆ?"

"ಸತ್ತು ಎಷ್ಟೋ ಕಾಲವಾಯಿತು."

ಕಾಳಾಚಾರ್ಯರು ಸೋವಿನವರ ಕಡೆ ತಿರುಗಿದರು.

"ನಾವು ಪೊದೆ ಬಡಿಯೋರು ಸ್ವಾಮಿ. ನಮ್ಮ ಕೈಲಿ ಬರೀ ಕೋಲು."

"ಹಾಗಾದರೆ ಹಂದಿಗೆ ಗಾಯವೇ ಆಗಿಲ್ಲ," ಅಂದರು ಕಾಳಾಚಾರ್ಯರು.

ಸೂರಪ್ಪನಿಗೆ ಇದು ತಮಾಷೆಯೋ ಬೈಗುಳವೋ ಗೊತ್ತಾಗಲಿಲ್ಲ.

"ಸೂರಪ್ಪ, ಹಜಾರದಲ್ಲಿ ಆ ಕೋವಿಯ ಮೇಲ್ಗಡೆ ಗೋಡೆಯಲ್ಲಿ ಏನಿತ್ತು?"

"ಅಜ್ಜಯ್ಯನವರ ದೊಡ್ಡ ಚಿತ್ರಪಟ."

"ನೋಡಿದೆಯಾ?"

"ನೋಡದೆ ಇರುತ್ತೇನಾ? ಪಟದಲ್ಲೂ ಇದೇ ಕೋವಿ. ಹೆಗಲಪಟ್ಟಿಯ ಕೊಂಡಿ ಎಲ್ಲಿತ್ತು ಅಂತ ತಿಳಿದದ್ದೇ ಅದನ್ನು ನೋಡಿ."

"ಅಜ್ಜಯ್ಯ ಕೋವಿಯನ್ನು ಯಾವ ಹೆಗಲಿಗೆ ಆನಿಸಿದ್ದಾರೆ?"

ಸೂರಪ್ಪ ಕಣ್ಣು ಮುಚ್ಚಿದ. ಕೊಂಡಿ ಕಂಡಿತು. ಬೆರಳಿಟ್ಟು ಎಳೆಯುವ ಕುದುರೆ ಕಂಡಿತು. ನಳಿಗೆಯ ಹೊಳಪು ಕಂಡಿತು. ಮನುಷ್ಯ ಕಾಣಲಿಲ್ಲ.

"ಎಡಕ್ಕೆ," ಅಂದರು ಅರಸು. "ಅಜ್ಜ ಎಡಚರು. ಊರಿಗೆಲ್ಲ ಗೊತ್ತಿರುವ ಸಂಗತಿ. ಅದಕ್ಕೂ ಈ ಕೋವಿಗೂ ಏನು..."

ಅವರು ತಮ್ಮ ಬಲ ಹೆಗಲನ್ನು ಮುಟ್ಟಿ ನೋಡಿಕೊಂಡರು.

"ದರ್ಜಿ ಮೈ ನೋಡಿ ಅಂಗಿ ಹೊಲಿಯುತ್ತಾನೆ," ಅಂದರು ಕಾಳಾಚಾರ್ಯರು. "ಆ ಬಾಗು ಅಜ್ಜಯ್ಯನ ಎಡ ಹೆಗಲಿನ ಅಳತೆ. ನೀನು ಇವರಿಗೆ ಅಜ್ಜನ ಅಂಗಿ ತೊಡಿಸಿ ಕಳಿಸಿದೆ. ಇವರೂ ಹಿಗ್ಗಿ ತೊಟ್ಟುಕೊಂಡು ಹೋದರು."

ಸೂರಪ್ಪನ ಗೊಂದಲ ಹರಿಯುವ ಬದಲು ಇನ್ನಷ್ಟು ಕದಡಿತು.

"ಹಾಗಾದರೆ ಗಾಯ ನನ್ನದೇ ಗುರುಗಳೇ? ಅಜ್ಜ ಎಡಚರು ಅಂತ ಇವರು ಹೇಳಲಿಲ್ಲ. ನಾನು ಕೇಳಲಿಲ್ಲ. ಕೇಳಬೇಕು ಅಂತಲೇ ನನಗೆ..."

"ನೀನು ಕೇಳಿದ್ದೆ."

"ಯಾರನ್ನು?"

"ನನ್ನನ್ನು. ಬಿಡಿಸಿ ಹೇಳಬೇಕಾದ ಕಡೆ ನಾನು ಒಗಟು ಹೇಳಿದೆ."

ಅರಸು ಕೈ ಬೀಸಿದರು. "ಆಯಿತು ಬಿಡಿ, ಆದದ್ದಾಯಿತು. ನಾಳೆ ನಾಯಿಗಳನ್ನು ತರಿಸುತ್ತೇನೆ. ಅಷ್ಟರಲ್ಲಿ ಅದೇ ಸತ್ತಿರುತ್ತದೆ. ಗಾಯದ ಹಂದಿ ಕೂತಿರುವ ಪೊದೆಗೆ ಈಗ ಯಾರು ನುಗ್ಗುತ್ತಾರೆ? ಊಟ ಮಾಡಿ, ಆರುತ್ತಿದೆ."

"ಸಂಜೆ ಹೆಂಗಸರು ಸೌದೆ ಹೊತ್ತು ಆ ದಾರೀಲೇ ಬರ್ತಾರೆ," ಅಂದ ಸೋವಿನವನೊಬ್ಬ, ಎಲೆಗೆ ಹೇಳಿದ ಹಾಗೆ.

ಎಲ್ಲರೂ ಅನ್ನ ನೋಡಿದರು. ಒಬ್ಬ ತುತ್ತು ಕಲಸಿದ. ಇನ್ನೊಬ್ಬ ಕಲಸಿದ. ಅರಸು ಮಜ್ಜಿಗೆ ಕೇಳಿದರು. ಏನು ಮಾಡಬೇಕೆಂದು ತೋಚದೆ ಸೂರಪ್ಪನೂ ಅನ್ನಕ್ಕೆ ಕೈಯಿಟ್ಟ.

ಕಾಳಾಚಾರ್ಯರು ಎದ್ದರು.

ಕುಲುಮೆಯೊಳಗೆ ಹೋಗಿ ಮುದ್ರೆಯ ಅಚ್ಚನ್ನೂ ಸುತ್ತಿಗೆಯನ್ನೂ ತಂದರು. ಗೋಡೆಗೆ ಒರಗಿಸಿದ್ದ ಕೋವಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಮಲಗಿಸಿದರು.

ಸೂರಪ್ಪನ ತುತ್ತು ಕೈಯಲ್ಲೇ ಉಳಿಯಿತು.

ಅವನು ಬಿಟ್ಟಿದ್ದ ಜಾಗದಲ್ಲಿ ಗುರು ಅಚ್ಚನ್ನು ಇಡಲಿಲ್ಲ. ಸತ್ತವನ ಹೆಸರಿನ ಮೇಲೇ ಇಟ್ಟರು. ಒಂದೇ ಏಟು.

ಆ ಸದ್ದು ಕೊನೆಗೂ ಕೇಳಿತು. ಅದಕ್ಕೆ ಸಂತೋಷಪಡಬೇಕೋ ಅಳಬೇಕೋ ಸೂರಪ್ಪನಿಗೆ ತಿಳಿಯಲಿಲ್ಲ.

"ಗುರುಗಳೇ, ಇದು ಕೆಟ್ಟ ಕೋವಿ. ಇದಕ್ಕೆ ನಿಮ್ಮ ಮುದ್ರೆಯೇ?"

ಕಾಳಾಚಾರ್ಯರು ತೋಟಾ ತುಂಬಿದರು. ಕೋವಿಯನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ಬದಲಿಸಿದರು. ಹಿಡಿಗೆ ಕೆನ್ನೆ ಆನಿಸಿ ಹೊಳೆಯಾಚೆಗೆ ಒಮ್ಮೆ ನೋಡಿದರು. ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು.

"ಗುರುಗಳೇ, ನಿಮ್ಮ ಎಲೆಯಲ್ಲಿ ಅನ್ನ ಹಾಗೇ ಇದೆ!"

ಮೊಣಕಾಲುದ್ದ ನೀರಿನಲ್ಲಿ ನಿಂತು, ತಿರುಗದೆ, ಅವರು ಹೇಳಿದರು:

"ಗಾಯ ಮಾಡಿದವನು ಸಿಕ್ಕಿದ. ನೀವು ಊಟ ಮಾಡಿ."