ಚರಿತ್ರೆ ಬರೆದ ಮೇಸ್ತ್ರಿ

ಏಳುನೂರು ವರ್ಷಗಳಿಗೂ ಹಿಂದಿನ ಮಾತು. ಇಟಲಿಯ ವಲ್ಕಿಯಾರ ಎಂಬ ಬೆಟ್ಟದೂರಿನಲ್ಲಿ ದೊಮಿನಿಕರ ಸಭೆಯ ಕ್ರೈಸ್ತ ಸನ್ಯಾಸಿಗಳು ಮಠ ಕಟ್ಟಿಸುತ್ತಿದ್ದರು. ಅವರಲ್ಲಿ ಹಿರಿಯರಾದ ಪೂಜ್ಯ ಲನ್ಫ್ರಾಂಕೊ ಗುರುಗಳು ಚರ್ಮ ಹದ ಮಾಡುವವರ ಕೇರಿಯಲ್ಲಿ, ಯಾರೋ ಬಿಟ್ಟುಕೊಟ್ಟ ಕುದುರೆ ಲಾಯದಲ್ಲಿ ವಾಸವಾಗಿದ್ದರು. ಹಗಲು ಬೀದಿಯಲ್ಲಿ ಬೋಧನೆ, ಉಳಿದ ಹೊತ್ತು ಗ್ರಂಥಗಳನ್ನು ನಕಲು ಮಾಡುವ ಬರವಣಿಗೆ. ಅವರ ಅಕ್ಷರ ಎಷ್ಟು ಸ್ಫುಟವೆಂದರೆ, ದೂರದ ಮಠಗಳವರೂ ಅವರು ಬರೆದ ಪ್ರತಿಯೇ ಬೇಕೆಂದು ಹೇಳಿ ಕಳುಹಿಸುತ್ತಿದ್ದರು.

ಚಳಿಗಾಲದ ಒಂದು ಬೆಳಗ್ಗೆ ಮಠದ ಹೊಸ ದೇವಾಲಯದ ಗೋಡೆ ಕುಸಿಯಿತು. ಅದರ ಪಕ್ಕದಲ್ಲೇ ಪ್ರಾರ್ಥಿಸುತ್ತಿದ್ದ ಗುರುಗಳ ಬಲಗೈ ಕಲ್ಲಿನಡಿ ಸಿಕ್ಕಿ ಜಜ್ಜಿಹೋಯಿತು.

‘ಹಿಮದ ಕಾಟ, ಏನು ಮಾಡೋದು?’ ಎಂದ ಆ ಗೋಡೆ ಕಟ್ಟಿದ ಮೇಸ್ತ್ರಿ ತೆಬಾಲ್ದೊ. ಎಲ್ಲರೂ ನಂಬಿದರು. ನಿಜ ಅವನೊಬ್ಬನಿಗೇ ಗೊತ್ತಿತ್ತು. ಬೇಗ ಮುಗಿಸುವ ಆತುರದಲ್ಲಿ, ಸುಣ್ಣ ಹದಗೊಳ್ಳುವ ಮೊದಲೇ ಅವನು ಗಾರೆ ಕಲಸಿದ್ದ. ಗೋಡೆ ಬಿದ್ದ ಹನ್ನೆರಡನೆಯ ದಿನ ಬಂದು ಗುರುಗಳ ಹಾಸಿಗೆಯ ಬಳಿ ಮೊಣಕಾಲೂರಿದ.

‘ಸ್ವಾಮಿ, ಹಿಮ ಅಲ್ಲ. ಸುಣ್ಣ ಹದವಾಗಿರಲಿಲ್ಲ. ಗೊತ್ತಿದ್ದೂ ಗೋಡೆ ಎಬ್ಬಿಸಿದೆ. ನಿಮ್ಮ ಕೈ ಹೋಗಿದ್ದು ನನ್ನಿಂದ.’

ನೋವಿಗೆ ಗುರುಗಳ ಹಣೆ ಬೆವರಿತ್ತು. ಅವರು ಕೇಳಿದರು: ‘ನಿನಗೆ ಓದು ಬರಹ ಬರುತ್ತದೆಯೇ?’

‘ಇಲ್ಲ ಸ್ವಾಮಿ.’

‘ಗೋಡೆ ಮತ್ತೆ ಕಟ್ಟು. ಸಂಜೆ ಹೊತ್ತು ಬಾ, ಕಲಿಸುತ್ತೇನೆ. ಇನ್ನು ನಾನು ಹೇಳಿದ್ದನ್ನು ನೀನು ಬರೆಯಬೇಕು.’

ಆಗ ತೆಬಾಲ್ದೊಗೆ ನಲವತ್ತಮೂರು ವರ್ಷ. ಕರಣೆ ಹಿಡಿದ ಕೈಯಲ್ಲಿ ಗರಿಯ ಲೇಖನಿಗಳು ಮುರಿದುಹೋಗುತ್ತಿದ್ದವು. ಎರಡು ಸಲ ಬಿಟ್ಟು ಹೋದ, ಎರಡು ಸಲವೂ ಹಿಂತಿರುಗಿದ. ಗುರುಗಳು ಒಮ್ಮೆಯೂ ಗದರಲಿಲ್ಲ. ಮೂರನೆಯ ವರ್ಷ ಅವರ ಬೋಧನೆಗಳು ಅವನ ಕೈಯಿಂದ ಪುಟಕ್ಕಿಳಿದವು. ಹೆಂಡತಿ ಮಕ್ಕಳಿಲ್ಲದ ಅವನು ಅದೇ ಮಠದಲ್ಲಿ ದೀಕ್ಷೆ ಪಡೆದು ಸಹೋದರ ತೆಬಾಲ್ದೊ ಆದ.

ಮುಂದೆ ಮಠದ ಚರಿತ್ರೆ ಬರೆಯುವ ಕೆಲಸ ಸಹೋದರ ತೆಬಾಲ್ದೊ ಅವರಿಗೇ ಬಂತು. ಗೋಡೆ ಬಿದ್ದ ಸಂಗತಿಯನ್ನು ಅವರು ಮುಚ್ಚಿಡಲಿಲ್ಲ. ತಮ್ಮ ಹೆಸರು ಹೇಳಿ, ತಪ್ಪನ್ನು ಇದ್ದಂತೆಯೇ ಬರೆದರು. ಬರೆದದ್ದನ್ನು ಗುರುಗಳಿಗೆ ಓದಿ ಹೇಳಿದರು.

‘ಇಷ್ಟಕ್ಕೇ ನಿಲ್ಲಿಸಬೇಡ,’ ಎಂದರು ಗುರುಗಳು. ‘ಆ ಗೋಡೆ ಬಿದ್ದದ್ದರಿಂದ ದೇವರು ನಮಗೊಬ್ಬ ಸಹೋದರನನ್ನು ಕೊಟ್ಟರು, ಅವರಿಗೆ ಸ್ತೋತ್ರ. ಇದನ್ನೂ ಬರೆ.’

ಕಣ್ಣೀರಿನಲ್ಲಿ ತೆಬಾಲ್ದೊ ಅವರಿಗೆ ಪುಟವೇ ಕಾಣಲಿಲ್ಲ. ಕಣ್ಣೊರೆಸಿಕೊಂಡು, ಹೇಳಿದಷ್ಟನ್ನೂ ಬರೆದರು. ಆಮೇಲೆ ಗುರುಗಳ ಸೊಟ್ಟಗಾದ ಆ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಮೊದಲ ಬಾರಿಗೆ ಅಳುಕಿಲ್ಲದೆ ಮುತ್ತಿಟ್ಟರು.