ಅವ್ವ ಕುಂತ ಬಂಡೆ

ಹಾಲಗಡ್ಲದ ಮಾಲಿಪಾಟೀಲರ ಮನೆತನಕ್ಕೆ ಆರು ತಲೆಮಾರಿನ ಹೆಸರಿದೆ. ಊರ ಕೆರೆ, ಶಾಲೆಯ ಜಾಗ, ಗುಡಿಯ ಮಂಟಪ, ಎಲ್ಲವೂ ನಮ್ಮ ಹಿರಿಯರು ಕೊಟ್ಟದ್ದು. ಊರಾಚೆಯ ಹಾಸುಗಲ್ಲಿನ ಗಣಿಯಲ್ಲಿ ಇಂದಿಗೂ ‘ಅವ್ವ ಕುಂತ ಬಂಡೆ’ ಎಂಬ ಅಗಲವಾದ ಹಾಸು ಇದೆ. ಮನುಷ್ಯನೇ ಇಲ್ಲದ ಕಾಲದಲ್ಲಿ ಸಮುದ್ರವನ್ನು ಆಳಿದ ಮಹಾ ಸರೀಸೃಪವೊಂದರ ಎಲುಬುಗಳು ಅದರ ಮೇಲೆ ಕಲ್ಲಾಗಿ ಮಲಗಿವೆ. ಗಾಡಿಯ ನೊಗದಷ್ಟು ಉದ್ದದ ದವಡೆ, ದೋಣಿಯ ಹುಟ್ಟುಗಳಂಥ ಕಾಲುಗಳು. ಬಾಲ ಮಾತ್ರ ಕಾಣುವುದಿಲ್ಲ. ಅದನ್ನು ಮಾಲಿಪಾಟೀಲರು ಕಡಿದು ತಮ್ಮ ಪಡಸಾಲೆಗೆ ಹಾಸಿಕೊಂಡರೆಂದು ಊರ ಪ್ರವಾಸಿ ಸಮಿತಿಯವರು ಅಲ್ಲಿ ಫಲಕ ನೆಟ್ಟಿದ್ದಾರೆ. ವಿಚಾರಿಸದೆ ಒಂದು ಸಾಲನ್ನೂ ಬರೆಯಬಾರದೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಇವರಿಗೆ ಯಾರೂ ಕಲಿಸಿದಂತಿಲ್ಲ.

ಹಿಂದೆ ಒಮ್ಮೆ ನಮ್ಮ ಮುತ್ತಜ್ಜಿ ನೀಲಗಂಗವ್ವನವರ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಕಲ್ಲು ಹಾಸಿದ ಪಡಸಾಲೆಯಲ್ಲೇ ಅಕ್ಷತೆ ಬೀಳಬೇಕೆಂದು ಬೀಗರು ಪಟ್ಟು ಹಿಡಿದಿದ್ದರಂತೆ. ಅರ್ಧ ನೆಲ ಹಾಸಿ ಮುಗಿದಿತ್ತು. ಅಷ್ಟರಲ್ಲಿ, ಉಳಿದರ್ಧಕ್ಕೆಂದು ಗಣಿಯಲ್ಲಿ ಮೇಲಿನ ಪದರ ಎಬ್ಬಿಸುತ್ತಿದ್ದ ಕಲ್ಲುಕುಟಿಗರಿಗೆ ಈ ಎಲುಬುಗಳು ಕಂಡವು. ರಾಕ್ಷಸನ ಹೆಣವೆಂದು ಅವರು ಉಳಿ ಕೆಳಗಿಟ್ಟರು. ಏನಾದರಾಗಲಿ ಒಡೆಯಿರಿ ಎಂದು ಬೀಗರಾದ ಚನ್ನಮಲ್ಲಪ್ಪನವರು ಗದರಿದಾಗ, ನೀಲಗಂಗವ್ವನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂಡೆಯ ನಡುವೆ ಕುಳಿತುಬಿಟ್ಟರು ಎನ್ನುತ್ತಾರೆ.

“ಏನ್ರೀ ಬೀಗತೇರ, ಸತ್ತ ಮೀನಿನ ಸಲುವಾಗಿ ಮಗಳ ಮದಿವಿ ಮುರೀತೀರೇನು?”

“ಮೀನೋ ಮೊಸಳಿಯೋ ನನಗ ಗೊತ್ತಿಲ್ರೀ. ಇಷ್ಟು ದೊಡ್ಡ ಜೀವ ಇಲ್ಲಿ ಮಲಗ್ಯಾದ. ಅದರ ಬೆನ್ನ ಮ್ಯಾಲ ಎಲಿ ಹಾಕಿ ಉಣಲಿಕ್ಕ ನಾ ಬಿಡಂಗಿಲ್ಲ.”

“ಹಂಗಾದ್ರ ಉಳಿದ ನೆಲಕ್ಕ?”

“ಸಗಣಿ ಸಾರಸ್ತೀನಿ. ನಿಮ್ಮ ಧೋತರ ಹೊಲಸಾದ್ರ ನಾನೇ ಒಗದು ಕೊಡ್ತೀನಿ.”

ಬೀಗರು ಗಾಡಿ ತಿರುಗಿಸಿದರು. ಮದುವೆ ಮುರಿಯಿತು. ಮಗಳು ತಾಯಿಯೊಡನೆ ವರ್ಷಗಟ್ಟಲೆ ಮಾತು ಬಿಟ್ಟಳು. ಆದರೂ ಆ ಮೂಲೆಯಲ್ಲಿ ಮತ್ತೆ ಉಳಿ ಬೀಳಲಿಲ್ಲ. ಜನ ಅಂದಿನಿಂದ ಆ ಹಾಸನ್ನು ಅವ್ವ ಕುಂತ ಬಂಡೆ ಎಂದೇ ಕರೆಯುತ್ತಾರೆ.

ಎಬ್ಬಿಸದೆ ಬಿಟ್ಟ ಪದರದಡಿ ಬೆನ್ನೆಲುಬು ನುಸುಳುವ ಕಡೆ, ಅರ್ಧಕ್ಕೆ ನಿಂತ ಉಳಿಯ ಗುರುತುಗಳನ್ನು ನೋಡಬಂದವರು ಈಗಲೂ ಕಾಣಬಹುದು. ಬಾಲ ಆ ಪದರದ ಅಡಿಯಲ್ಲೇ ಇದೆ. ನಮ್ಮ ಪಡಸಾಲೆಯ ಅರ್ಧ ನೆಲ ಇಂದಿಗೂ ಮಣ್ಣಿನದೇ. ಮಗಳ ಮದುವೆಯನ್ನೇ ಕಳೆದುಕೊಂಡು ಈ ಬಂಡೆಯನ್ನು ಉಳಿಸಿದವರನ್ನು ಫಲಕ ಕಳ್ಳರೆನ್ನುತ್ತದೆ. ಸಮಿತಿಯವರು ಅದನ್ನು ಕಿತ್ತುಹಾಕಿ, ಊರವರೆದುರು ನೀಲಗಂಗವ್ವನವರ ಹೆಸರು ಹೇಳಿ ಕ್ಷಮೆ ಕೇಳಬೇಕು.